ಲಿಂಬಿ ಗಿಡದ ಹನ್ನೊಂದು ಹುಳ

ಕೊನೆಯ ನೆಂಟರು ಹಿಂದಿನ ಸಂಜೆ ಶಹಾಪುರದ ಬಸ್ಸು ಹತ್ತಿದ್ದರು. ಗಂಡ ತೀರಿ ಹದಿಮೂರು ದಿನವಾದ ಮೇಲೆ ಪರಿಮಳಾಗೆ ಸಿಕ್ಕ ಮೊದಲ ಮಾಮೂಲಿ ಬೆಳಗು ಅದು. ಹಾಲಿನವನು ಬಂದ, ನಳದಲ್ಲಿ ನೀರು ಬಂತು. ಅಳಲು ಯಾರೂ ಬರಲಿಲ್ಲ. ಪೊರಕೆ ಹಿಡಿದು ಅಂಗಳಕ್ಕೆ ಬಂದವಳು ಲಿಂಬಿ ಸಸಿಯ ತುದಿ ಬೋಳಾಗಿರುವುದನ್ನು ಕಂಡಳು.

ಗಂಡ ದೇವಿಂದ್ರ ಸುರಪುರದ ಒಂದು ಆಫೀಸಿನಲ್ಲಿ ಗುಮಾಸ್ತನಾಗಿದ್ದ. ಮದುವೆಯಾಗಿ ಐದು ವರ್ಷದಲ್ಲಿ ಉಂಡ ತಾಟನ್ನೂ ಎತ್ತಿದವನಲ್ಲ. ಅಂಥವನು ಸಾಯುವ ಮೂರು ದಿನ ಮೊದಲು ತಾನೇ ನೀರಿನ ಟಾಕಿಯ ಪಕ್ಕ ಕುಣಿ ತೋಡಿ, ಮೊಣಕಾಲೆತ್ತರದ ಈ ಸಸಿ ಇಟ್ಟು, "ನಿನ್ನ ಹೆಸರಲೆ ಹಚ್ಚೇನಿ ನೋಡು" ಎಂದು ಹೇಳಿ ಸ್ನಾನಕ್ಕೆ ಹೋಗಿದ್ದ. ಅವನು ಆಡಿದ ಮಾತುಗಳಲ್ಲಿ ಪರಿಮಳಾ ಇಟ್ಟುಕೊಳ್ಳಬಹುದಾದದ್ದು ಅದೊಂದೇ. ಗಿಡ ಸತ್ತರೆ ಅದೂ ಹೋದಂತೆ.

ಎಲೆಗಳ ಮೇಲೆ ಹಕ್ಕಿ ಹಿಕ್ಕೆ ಹಾಕಿದೆ ಎಂದುಕೊಂಡಳು. ಹಿಕ್ಕೆ ನಡೆಯತೊಡಗಿತು.

ಗೋಡೆಯಾಚೆ ಗೊಬ್ಬರದ ಅಂಗಡಿಯ ಸಂಗಣ್ಣ ಹಲ್ಲುಜ್ಜುತ್ತಿದ್ದ. ಪರಿಮಳಾ ಹುಳ ಎಂದದ್ದೇ ತಡ, ಒಳಗೆ ಹೋಗಿ ಔಷಧಿಯ ಒಂದು ಬಾಟಲಿ ತಂದ.

"ಒಂದು ಮುಚ್ಚಳ ಹೊಡಿ ತಂಗಿ, ಹುಳದ ವಂಶನ ಇರಂಗಿಲ್ಲ."

"ಬಾಜೂಕ ಕುಡಿಯೋ ನೀರಿನ ಟಾಕಿ ಅದರಿ ಕಾಕಾ."

"ಟಾಕಿಗಿ ಮುಚ್ಚಳ ಹಾಕು."

"ಅದಕ್ಕ ಮುಚ್ಚಳ ಇಲ್ಲರಿ."

"ಏ ಸಂಗಣ್ಣ, ನಿನ್ನ ವಿಷ ನಿನ್ನ ಅಂಗಡ್ಯಾಗ ಇಟ್ಕೋ" ಎಂದಳು ಎದುರು ಮನೆಯ ಭಾಗಮ್ಮ, ಕರೆಯದೆಯೇ ಬಂದು. "ನಮ್ಮವ್ವ ಬದನಿ ಗಿಡಕ್ಕ ಬೂದಿ ಒಗೀತಿದ್ಲು. ತಡಿ, ತರ್ತೀನಿ."

ಒಲೆಯ ಬೂದಿಯನ್ನು ಮೊರ ತುಂಬ ತಂದು ಬೀಸಿ ಒಗೆದಳು. ಗಾಳಿ ಎದುರಿನಿಂದ ಬಂತು. ಗಿಡಕ್ಕೆ ಒಂದು ಚಿಟಿಕೆ ಸಿಕ್ಕಿತು, ಉಳಿದದ್ದು ಪರಿಮಳಾಗೆ. ಅವಳು ಹಿಟ್ಟಿನ ಗಿರಣಿಯಿಂದ ಹೊರಬಿದ್ದವಳಂತೆ ನಿಂತಿರುವಾಗಲೇ, ಮಣ್ಣು ಕೊಡುವ ದಿನ ಬರಲಾಗದಿದ್ದ ಇಬ್ಬರು ಹೆಂಗಸರು ಬೋನಾಳದಿಂದ ಮಾತಾಡಿಸಲು ಬಂದರು.

"ಯವ್ವಾ, ಬೂದಿ ಬಳಕೊಂಡು ನಿಂತಾಳ ನೋಡ್ರಿ! ಹುಡುಗಿ ತೆಲಿ ಕೆಟ್ಟದ!"

ಓಣಿಯೇ ನೆರೆಯಿತು. ಹದಿಮೂರು ದಿನದ ಅಳು ಮೊದಲಿನಿಂದ ಶುರುವಾಯಿತು.

"ಇದು ಹುಳಕ್ಕ ಒಗದದ್ದರಿ..."

"ಹುಳ ಅಂತಾಳ, ಪಾಪ" ಎಂದು ಒಬ್ಬಳು ಸೆರಗು ಬಾಯಿಗಿಟ್ಟುಕೊಂಡಳು.

ಹದಿಮೂರು ದಿನ ಪರಿಮಳಾಳ ಕಣ್ಣಲ್ಲಿ ಒಂದು ಹನಿಯೂ ಬಂದಿರಲಿಲ್ಲ. ಅದನ್ನು ಓಣಿ ಗಮನಿಸಿತ್ತು, ಮಾತಾಡಿತ್ತು. ಈಗ ಬೂದಿ ಬಿದ್ದು ಎರಡೂ ಕಣ್ಣು ಧಾರೆಯಾಗಿ ಸುರಿದವು. ಹೆಂಗಸರಿಗೆ ಸಮಾಧಾನವಾಯಿತು.

"ಅಳಲಿ ಬಿಡ್ರಿ, ಹಗುರಾಗ್ತದ" ಎಂದು ಕಟ್ಟಿ ತಂದ ರೊಟ್ಟಿ ಇಟ್ಟು ಎದ್ದುಹೋದರು. ಅಷ್ಟರಲ್ಲಿ ಹುಳಗಳು ಇನ್ನೂ ನಾಲ್ಕು ಎಲೆ ಮುಗಿಸಿದ್ದವು.

ಮಧ್ಯಾಹ್ನ ಅವಳು ಒಂದು ಬಟ್ಟಲಲ್ಲಿ ಸಬಕಾರದ ನೀರು ಇಟ್ಟುಕೊಂಡು ಗಿಡದ ಮುಂದೆ ಕೂತಳು. ಮುಟ್ಟಿದೊಡನೆ ಹುಳ ತಲೆಯಿಂದ ಎರಡು ಕೆಂಪು ಕೋಡು ಹೊರಗೆ ಹಾಕಿ ನಾರಿತು. ಮುಳುಗಿಸಲು ಕೈ ಬರಲಿಲ್ಲ.

"ಸಾಯ್ಸಬ್ಯಾಡ, ಈ ಮನ್ಯಾಗ ಒಂದು ಸಾವು ಸಾಕು" ಎಂದಳು ಭಾಗಮ್ಮ. "ಪತ್ರಿ ಗಿಡದ ಎಲಿನೂ ತಿಂತಾವ. ಅಲ್ಲಿ ಬಿಟ್ಟು ಬಾ."

ಓಣಿಯಲ್ಲಿದ್ದ ಒಂದೇ ಬಿಲ್ವಪತ್ರಿ ಗಿಡ ಸಂಗಣ್ಣನ ಹಿತ್ತಲದ್ದು. ದಿನಾ ಅವನ ಲಿಂಗಪೂಜೆಗೆ ಅದರ ಎಲೆಯೇ. ಹನ್ನೊಂದು ಹುಳಗಳನ್ನು ಊಟದ ಡಬ್ಬಿಯಲ್ಲಿ ಹಾಕಿಕೊಂಡು ಪರಿಮಳಾ ಹಿತ್ತಲ ಬಾಗಿಲು ನೂಕಿದಳು. ಸಂಗಣ್ಣ ಗಿಡದ ಕೆಳಗೇ ಕೂತಿದ್ದ.

"ಏನ್ ತಂದಿ ತಂಗಿ, ಹುಗ್ಗಿ ಏನು?" ಎಂದು ಡಬ್ಬಿ ತೆರೆದ.

ಆಮೇಲೆ ಓಣಿಯ ಕೊನೆಯವರೆಗೂ ಕೇಳಿಸಿತು. "ಔಷಧಿ ಕೊಡ್ತೀನಂದ್ರ ಬ್ಯಾಡಂದಿ, ಈಗ ಶಿವನ ಗಿಡಕ್ಕ ಹುಳ ಬಿಡಾಕ ಬಂದೀಯೇನು!"

"ಒದರಬ್ಯಾಡೋ" ಎಂದಳು ಬಾಗಿಲಲ್ಲಿದ್ದ ಭಾಗಮ್ಮ. "ಕೊರಳಾಗ ಹಾವು ಸುತ್ಕೊಂಡಾಂವ ಹನ್ನೊಂದು ಹುಳಕ್ಕ ಅಂಜ್ತಾನೇನು?"

ಸಂಗಣ್ಣ ಡಬ್ಬಿಯನ್ನು ಪರಿಮಳಾಳ ಕೈಗೆ ವಾಪಸ್ ಇಟ್ಟ. ಹುಳಗಳಿಗೆ ಕೆಳಗಿನ ಒಂದು ಕೊಂಬೆ ಸಿಕ್ಕಿತು. ಸಂಗಣ್ಣ ಅವಳ ಕಡೆ ಬೆನ್ನು ಮಾಡಿ ಕೂತ.

ಬೇವಿನ ಬೀಜ ಕುಟ್ಟಿ ನೆನೆಸಿದ ನೀರನ್ನು ಸೋಸಿ ಸಸಿಗೆ ಚಿಮುಕಿಸುವಷ್ಟರಲ್ಲಿ ಸಂಜೆಯಾಯಿತು. ಐದು ಎಲೆ ಉಳಿದಿದ್ದವು, ಐದೂ ಹಸಿರಾಗಿದ್ದವು. ಅಂದು ಪರಿಮಳಾ ಒಂದು ರೊಟ್ಟಿಯನ್ನು ಪೂರ್ತಿ ತಿಂದಳು.

ಆಗ ಒಂದು ಮೊಪೆಡ್ ಬಂದು ನಿಂತಿತು. ದೇವಾಪುರದಲ್ಲಿ ಸಸಿ ಮಾರುವ ಫಕೀರಸಾಬ.

"ಭಾಳ ಕೆಟ್ಟಾತ್ರಿ ಅಕ್ಕಾರ, ದೇವಿಂದ್ರ ಸಾಹೇಬ್ರದು" ಎಂದ. ಆಮೇಲೆ ಟಾಕಿಯ ಕಡೆ ನೋಡಿದ. "ಕೇಳಾಕ ನಾಚ್ಕಿ ಬರ್ತದರಿ. ಆ ಲಿಂಬಿ ಗಿಡ ನಮ್ಮದು."

"ಅವರು ಹಚ್ಯಾರಲ್ರಿ?"

"ಹಚ್ಚಿಲ್ರಿ, ಇಟ್ಟಾರ. ನೌಕರದಾರರೆಲ್ಲ ಹೇಂತಿ ಹೆಸರಲೆ ಒಂದು ಗಿಡ ಹಚ್ಚಿ ಫೋಟೋ ಕಳಸ್ಬೇಕಂತ ಅವರ ಆಫೀಸ್ನ್ಯಾಗ ಹುಕುಂ ಆಗಿತ್ತು. ಎರಡು ದಿನಕ್ಕ ಕೊಡು, ಫೋಟೋ ಹೊಡದು ವಾಪಸ್ ಕೊಡ್ತೀನಿ ಅಂದ್ರು. ಎಲ್ಲಾರೂ ಹಂಗ ಒಯ್ತಾರ್ರಿ. ಇದ ಗಿಡ ಆರು ಮನಿ ತಿರುಗ್ಯಾದ. ನಾಳಿ ಏಳನೇ ಮನಿಗಿ ಹೋಗ್ಬೇಕು."

ಪರಿಮಳಾ ಅಗೆಯುವ ಖುರಪಿ ತರಲು ಹೋಗಲಿಲ್ಲ. ಬಗ್ಗಿ ಬೆರಳಿನಿಂದ ಮಣ್ಣು ಸರಿಸಿದಳು. ಎರಡಂಗುಲ ಕೆಳಗೆ ಕರಿ ಪ್ಲಾಸ್ಟಿಕ್ ಚೀಲ ಸಿಕ್ಕಿತು. ಎಲ್ಲೂ ಹರಿದಿರಲಿಲ್ಲ. ಎತ್ತಿದರೆ ಅಲುಗುವ ಹಲ್ಲಿನಂತೆ ಬಂತು.

ಫಕೀರಸಾಬ ಸಸಿಯನ್ನು ಮೇಲಿನಿಂದ ಕೆಳಗೆ ನೋಡಿದ.

"ಎಲಿ ಎಲ್ಲಿ ಹೋದ್ವರಿ? ಇದರ ಫೋಟೋ ಹೆಂಗ ಬರ್ತದ?"

"ಹುಳ ತಿಂದ್ವರಿ."

ಅವಳ ಮುಖ ನೋಡಿ ಅವನ ದನಿ ಇಳಿಯಿತು. "ಹೋಗ್ಲಿ ಬಿಡ್ರಿ, ನೀವ ಇಟ್ಕೋರಿ."

"ಬ್ಯಾಡ್ರಿ. ವಾಪಸ್ ಕೊಡ್ತೀನಂದಿದ್ರಲ್ಲ ಅವರು."

ಚೀಲಕ್ಕೆ ಅಂಟಿದ ಮಣ್ಣನ್ನು ಸೆರಗಿನಿಂದ ಒರೆಸಿ, ಐದು ಎಲೆಗೆ ಪೆಟ್ಟಾಗದಂತೆ ಸಸಿಯನ್ನು ಅವನ ಮೊಪೆಡ್ಡಿನ ಮುಂದೆ ಇಟ್ಟುಕೊಟ್ಟಳು.