ಸಾಕ್ಷಿಗೆ ಸ್ನಾನ

“ಅಮ್ಮಾ, ಕಾಂಡ್ಲಾ ಕಾಡಿನ ನೀರು ಹೀಗೆ ಒಗೆದ ಬಟ್ಟೆ ಥರ ವಾಸನೆ ಹೊಡೀಬಾರ್ದು.”

“ಹೊಡೆದ್ರೆ ಏನೀಗ? ಗಬ್ಬು ನಾರೋದಕ್ಕಿಂತ ವಾಸಿ.”

ಯಾಂಡ್ರಿ ಬಾಟಲಿಯನ್ನು ಮತ್ತೆ ಮೂಸಿದ. ಸರ್ಕಾರದ ನೀರು ಪರೀಕ್ಷಿಸುವ ಪ್ರಯೋಗಾಲಯದ ಅತಿ ಕಿರಿಯ ನೌಕರನಾದ ಅವನು ಎರಡು ಗಂಟೆ ದೋಣಿಯಲ್ಲಿ ಕುಲುಕಿ ಬಂದು, ಎಸ್ಮೆರಾಲ್ದಾಸ್ ಕರಾವಳಿಯ ಕೆಸರಿಗೆ ಒಂದು ಬೂಟನ್ನು ಅರ್ಪಿಸಿ, ಪರೀಕ್ಷೆಗೆಂದು ಗುರುತು ನೆಟ್ಟಿದ್ದ ನಾಲ್ಕನೇ ಗೂಟದ ಬುಡದ ನೀರು ತುಂಬಿದ್ದ. ದೊನ್ಯಾ ಪಾಸ್ತೋರಾ ಮೂವತ್ತು ವರ್ಷಗಳಿಂದ ಅದೇ ಕೆಸರಿನಲ್ಲಿ ಕಪ್ಪೆಚಿಪ್ಪು ಹೆಕ್ಕುವವಳು. ಅವಳ ಬಾಯಲ್ಲಿ ಚುಟ್ಟಾ. ಅದು ಸೊಳ್ಳೆ ಓಡಿಸಲಿಕ್ಕೆ. ಹೊಗೆ ಮಾತ್ರ ಅವನ ಮುಖಕ್ಕೆ.

“ನಿಜ ಹೇಳಿ, ಏನು ಸುರಿದ್ರಿ?”

“ಬ್ಲೀಚಿಂಗ್ ನೀರು. ಎರಡೇ ಬಾಟಲಿ. ಆಗ ನೀನು ನಾನು ಕೊಟ್ಟ ತಟ್ಟೆ ನೆಕ್ತಾ ಇದ್ದೆ.”

“ಯಾಕಮ್ಮಾ?”

“ನೆಂಟರು ಬರ್ತಾರೆ ಅಂದ್ರೆ ನಿನ್ನಮ್ಮ ಅಂಗಳ ಗುಡಿಸೋಲ್ವಾ?”

“ನಾನು ನೆಂಟ ಅಲ್ಲ, ಪರೀಕ್ಷೆ ಮಾಡೋಕೆ ಬಂದವನು.”

“ಅದಕ್ಕೇ. ಪಕ್ಕದ ತೊರೆಗೂ ನಿನ್ನಂಥವನೊಬ್ಬ ಬಂದ. ನೀರು ಕೊಳಕು ಅಂತ ಬರೆದ. ಮಾರನೇ ವಾರ ಚಿಪ್ಪು ಹೆಕ್ಕಬಾರದು ಅಂತ ಹಲಗೆ ನೆಟ್ರು. ನನಗೆ ಬೇರೆ ಕಸುಬು ಬರಲ್ಲ ಮಗಾ.”

ಯಾಂಡ್ರಿ ಬೂಟಿಲ್ಲದ ಪಾದವನ್ನು ಬೇರಿನ ಮೇಲೆ ಊರಿ, ಕಾಡಿನಾಚೆಗೆ ಕೈ ತೋರಿಸಿದ.

“ನಾನು ಬಂದಿರೋದು ನಿಮ್ಮನ್ನ ಹಿಡಿಯೋಕಲ್ಲ. ಅಗೋ, ಆ ಸೀಗಡಿ ಸಾಕೋ ಕೊಳದೋರನ್ನ. ಕೊಳ ತೊಳೆದ ನೀರನ್ನ ಇಲ್ಲಿಗೆ ಬಿಡ್ತಾರೆ ಅಂತ ಯಾರೋ ದೂರು ಕೊಟ್ಟಿದ್ದಾರೆ.”

“ಯಾರೋ ಏನು, ನಾನೇ.”

“ದೂರು ಕೊಟ್ಟು, ಸಾಕ್ಷಿಗೆ ಸ್ನಾನ ಮಾಡಿಸಿದ್ರಾ?”

“ಕೊಳಕು ಅವರದು. ಗೂಟ ಇರೋದು ನನ್ನ ಅಂಗಳದಲ್ಲಿ. ಜನ ಯಾರಿಗೆ ಅಂತಾರೆ? ಹೋಗು, ಅವರ ತೂಬಿನಲ್ಲೇ ತುಂಬಿಕೋ.”

“ತೂಬು ಮುಚ್ಚಿದ್ದಾರೆ. ಪರೀಕ್ಷೆಗೆ ಬರ್ತೀವಿ ಅನ್ನೋ ನೋಟೀಸು ಅವರೂ ಓದಿದ್ದಾರೆ. ಅವರೂ ಅಂಗಳ ಗುಡಿಸಿದ್ದಾರೆ.”

“ಹಾಗಾದ್ರೆ ನಾಳೆ ಬಾ. ಎಲ್ಲಾ ಮೊದಲಿನ ಹಾಗೇ ನಾರ್ತಿರುತ್ತೆ.”

“ನಮ್ಮ ಆಫೀಸಲ್ಲಿ ದೋಣಿ ಕೊಡೋದು ಆರು ತಿಂಗಳಿಗೊಮ್ಮೆ.”

ಬೇರೇನೂ ತೋಚದೆ ಯಾಂಡ್ರಿ ಫಾರ್ಮನ್ನು ತಿರುವಿದ. ಅದರ ಬೆನ್ನಿಗೂ ಅಕ್ಷರಗಳಿವೆ ಎಂಬುದು ಎರಡು ವರ್ಷದ ನೌಕರಿಯಲ್ಲಿ ಅವನಿಗೆ ತಿಳಿದದ್ದು ಆಗಲೇ.

“ನೀರಿಲ್ಲದಿದ್ರೆ ಚಿಪ್ಪಾದ್ರೂ ಆಗುತ್ತಂತೆ, ಅಮ್ಮಾ. ನೀರು ಹರಿದು ಹೋಗುತ್ತೆ. ಚಿಪ್ಪು ಕುಡಿದದ್ದು ಅದರ ಒಳಗೇ ಇರುತ್ತೆ. ಹನ್ನೆರಡು ಬೇಕು.”

ಪಾಸ್ತೋರಾ ಬುಟ್ಟಿಯನ್ನು ಹಿಂದಕ್ಕೆಳೆದುಕೊಂಡಳು.

“ಕೆಟ್ಟದ್ದು ಅಂತ ಬಂದ್ರೆ ನನ್ನ ಚಿಪ್ಪು ಯಾರು ಕೊಳ್ತಾರೆ?”

“ಸ್ವಲ್ಪ ದಿನ ಯಾರೂ ಕೊಳ್ಳಲ್ಲ.”

ಅವಳು ಬೇರುಗಳ ಸಂದಿಗೆ ಭುಜದವರೆಗೂ ಕೈಯಿಳಿಸಿ ಐದು ಚಿಪ್ಪು ತೆಗೆದಳು. ಮೂರು ಬಾಯಿ ತೆರೆದುಕೊಂಡಿದ್ದವು; ಒಳಗೆ ಬರೀ ಕೆಸರು.

“ಇನ್ನೊಂದು ವರ್ಷ ಹೀಗೇ ಆದ್ರೆ ಮಾರೋಕೇ ಏನೂ ಇರಲ್ಲ,” ಎಂದು ಜೀವವಿದ್ದ ಎರಡನ್ನು ಬುಟ್ಟಿಗೆ ಹಾಕಿ ಅವನತ್ತ ತಳ್ಳಿದಳು. “ತಗೊಂಡು ಹೋಗು. ನಿಜಾನೇ ಬರೀ.”

ಯಾಂಡ್ರಿ ಎಣಿಸಿದ. “ಎಂಟೇ ಇದೆಯಲ್ಲಮ್ಮಾ. ನಾನು ಬಂದಾಗ ಬುಟ್ಟಿ ತುಂಬ ಇತ್ತು.”

“ಇತ್ತು. ನಿಂಬೆರಸ ಹಿಂಡಿ, ಈರುಳ್ಳಿ ಹಾಕಿ ನಿನ್ನ ತಟ್ಟೆಗೆ ಹಸಿಯಾಗೇ ಬಡಿಸಿದೆ. ನೀನು ಇನ್ನಷ್ಟು ಹಾಕಿ ಅಂದೆ, ನಾನು ಹಾಕಿದೆ.”

ಯಾಂಡ್ರಿಯ ಕೈ ತಾನಾಗಿಯೇ ಹೊಟ್ಟೆಯ ಮೇಲೆ ಹೋಯಿತು.

ಪಾಸ್ತೋರಾ ಚುಟ್ಟಾದ ಬೂದಿ ಕೊಡವಿದಳು.

“ಬರ್ಕೋ ಮಗಾ. ಎಂಟು ಚಿಪ್ಪು ಬುಟ್ಟೀಲಿ ಬರ್ತಿವೆ, ಉಳಿದದ್ದನ್ನ ನೌಕರ ಖುದ್ದಾಗಿ ಹೊತ್ತು ತರ್ತಿದ್ದಾನೆ.”