ಅತ್ತೆ ಕಟ್ಟಿಹಾಕಿದ ನರಗಳು

ಸಯಾಟಿಕ್ ನರದ ಹಾಲು ಕುಡಿದು ಪದವಿ ಪಡೆದವಳು ಈ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು! ನಗಬೇಡಿ. ಗಟ್ಟಿ ಹಾಲು, ಎರಡು ಹೊತ್ತೂ ತಂಬಿಗೆ ತುಂಬ. ಹಿಂಡುತ್ತಿದ್ದವಳು ನಮ್ಮ ಅತ್ತೆ, ಅಂದರೆ ಅಪ್ಪನ ಅಕ್ಕ. ಮನುಷ್ಯನ ಮೈಯೊಳಗಿನ ನರಗಳನ್ನು ಹೊರಗೆಳೆದು, ಕೊರಳಿಗೆ ಹಗ್ಗ ಹಾಕಿ ದೊಡ್ಡಿಯಲ್ಲಿ ಕಟ್ಟಿದ ಹೆಂಗಸು ಆಕೆಯೊಬ್ಬಳೇ.

ಎಂಬತ್ತರ ದಶಕದ ಕೊನೆಯ ಮಾತು. ದಿಗ್ಗೇವಾಡಿಯ ಆಡು ಕಾಯುವ ನಮ್ಮ ಮನೆತನದಿಂದ ನರ್ಸಿಂಗ್ ಪದವಿಗೆ ಹೋದ ಮೊದಲ ಹುಡುಗಿ ನಾನು. ಯಾವ ಪದವಿಗೇ ಆಗಲಿ ಹೋದ ಮೊದಲ ಜೀವ ಎಂದರೂ ನಡೆದೀತು. ಹೋದೆ, ಮೊದಲ ವರ್ಷವೇ ಅನಾಟಮಿಯಲ್ಲಿ ಡುಮ್ಕಿ ಹೊಡೆದೆ. ನನ್ನನ್ನು ಕೆಡವಿದ್ದು ಎಲುಬಲ್ಲ, ಮಾಂಸಖಂಡವಲ್ಲ; ಬೆನ್ನುಹುರಿ ಮತ್ತು ಅದರಿಂದ ಹೊರಡುವ ನರಗಳು. ಮೂವತ್ತೊಂದು ಜೋಡಿ! ಹುರಿಯಿಂದ ಹೊರಬಿದ್ದವು ಸುಮ್ಮನೆ ತಮ್ಮ ದಾರಿ ಹಿಡಿಯಬಾರದೆ? ಇಲ್ಲ. ಕೊರಳ ಬದಿಯಲ್ಲಿ ಕೂಡುತ್ತವೆ, ಅಗಲುತ್ತವೆ, ಮತ್ತೆ ಕೂಡುತ್ತವೆ, ಆಮೇಲೆ ಹೊಸ ಹೆಸರಿಟ್ಟುಕೊಂಡು ಕೈಗೆ ಇಳಿಯುತ್ತವೆ. ನಮ್ಮ ಬೀಗರಲ್ಲೂ ಇಷ್ಟು ಒಳಸಂಬಂಧಗಳಿರಲಿಲ್ಲ.

ರಜೆಗೆ ಊರಿಗೆ ಬಂದಾಗ ಅಪ್ಪ ಚುಟುಕಾಗಿ ಮುಗಿಸಿದ. "ಇನ್ನೊಮ್ಮಿ ಪರೀಕ್ಷಾ ಬರಿ. ಪಾಸಾದ್ರ ಓದು. ಇಲ್ಲಾಂದ್ರ ನಿನ್ನ ಕೇಳಾಕ ಬಂದ ಆ ಮಂಗಸೂಳಿ ಊರಿನ ಹುಡಗಗ ಹೂಂ ಅಂತೀನಿ."

ಅತ್ತೆ ಸಗಣಿ ಕೈ ತೊಳೆಯುತ್ತಲೇ ಬಾಯಿ ಹಾಕಿದಳು. "ಹೂಂ ಅನ್ನೂದು ಇರ್ಲಿ, ಮೊದಲ ಆ ಹುಡಗಗ ಮೂಗು ಒರಸ್ಕೊಳಾಕ ಕಲಸು." ಆಮೇಲೆ ನನ್ನ ಕಡೆ ತಿರುಗಿದಳು. "ಏನ ಬೇ ಅದು, ತಲ್ಯಾಗ ನಿಲ್ಲಲಾರದ್ದು?"

"ನರದ ಹೆಸರು, ಅತ್ತಿ."

"ಹೆಸರಾ? ನನ್ನ ಆಡು ಇಷ್ಟ ಅದಾವಲ್ಲ, ಒಂದರ ಹೆಸರರ ಮರತೇನೇನ? ಯಾಕಂದ್ರ ದಿನಾ ಕರೀತೀನಿ. ನಿನ್ನ ನರಾ ಯಾರೂ ಕರ್ಯಾಂಗಿಲ್ಲ, ಅದಕ್ಕ ಬರಾಂಗಿಲ್ಲ!"

ಮರುದಿನ ಬೆಳಿಗ್ಗೆ ದೊಡ್ಡಿಯಲ್ಲಿ ನಾಮಕರಣ. ಬರೀ ಹೆಸರು ಸಾಲದು. ಒಂದೊಂದು ನರದ ಗುಣ ಕೇಳಿ, ಅದೇ ಗುಣದ ಆಡನ್ನು ಹುಡುಕಿ ಇಡಬೇಕು. ಮೈಯಲ್ಲಿ ಎಲ್ಲಕ್ಕಿಂತ ದಪ್ಪ ನರ ಸಯಾಟಿಕ್ ಎಂದೆ. ಆ ಹೆಸರು ನೇರ ದೊಡ್ಡಿಯಲ್ಲಿದ್ದ ಒಂದೇ ಒಂದು ಎಮ್ಮೆಗೆ ಹೋಯಿತು. ರೇಡಿಯಲ್ ಕೆಟ್ಟರೆ ಮಣಿಕಟ್ಟು ಜೋತು ಬೀಳುತ್ತದೆ ಎಂದೆ. ಮುಂಗಾಲು ಜೋತುಹಾಕಿ ನಡೆಯುವ ಕರಿ ಆಡು ರೇಡಿಯಲ್ ಆಯಿತು. ಮೊಣಕೈ ಗೋಡೆಗೆ ತಾಗಿದರೆ ಕಿರುಬೆರಳ ತನಕ ಜುಮ್ಮೆನಿಸುವುದು ಅಲ್ನಾರ್; ಮುಟ್ಟಿದರೆ ಮೂರು ಮಾರು ಜಿಗಿಯುವ ಮರಿಗೆ ಆ ಹೆಸರು. ಕೈಯ ನಡುವೆ ಇಳಿಯುವ ಮೀಡಿಯನ್, ಮಂದೆಯ ನಡುವೆಯೇ ನಡೆಯುವ ಆಡಿಗೆ. ಉಸಿರಾಟ ನಡೆಸುವ ಫ್ರೆನಿಕ್ ಬಂದಾಗ ಮಾತ್ರ ಅತ್ತೆ ಗಂಭೀರಳಾದಳು. "ಇದು ಹ್ವಾದ್ರ ಉಸರ ಹೋದಂಗೇನ?" ಎಂದು ಕೇಳಿ, ಮಂದೆಯ ಹಿರಿಯ ಆಡಿಗೆ ಅದನ್ನಿಟ್ಟು ಕೈಮುಗಿದಳು.

ಅಲ್ಲಿಂದ ಕೃಷ್ಣೆಯ ದಂಡೆಯಲ್ಲಿ ದಿನವಿಡೀ ಆಕೆಯದೇ ದನಿ. "ಏ ಮೀಡಿಯನ್ನಾ, ಕಬ್ಬಿಗೆ ಬಾಯಿ ಹಾಕಬ್ಯಾಡ! ಹೇಳ ಬೇ, ಇದು ಯಾವ್ಯಾವ ಬೆರಳಿಗೆ ಹೊಕ್ಕೈತಿ?"

"ಹೆಬ್ಬಟ್ಟು, ತೋರಬೆರಳು, ನಡುಬೆರಳು. ಉಂಗುರದ ಬೆರಳಾಗ ಅರ್ಧ."

"ಅರ್ಧಾ? ಉಳದರ್ಧ?"

"ಅಲ್ನಾರಿಗೆ."

"ಹಂಗಾರ ಒಳಗೂ ಅಣ್ಣತಮ್ಮರ ಹಿಸೆ ಆಗೇತೆನ್ನು!"

ಬೆನ್ನುಹುರಿ ಮುಗಿದ ಮೇಲೆ ಉಳಿಯುವ ನರಗಳ ಕಂತೆಯನ್ನು ಕುದುರೆ ಬಾಲ ಎನ್ನುತ್ತಾರೆ ಎಂದಾಗ ಆಕೆಗೆ ಸಿಟ್ಟೇ ಬಂತು. "ಕುದರಿದ್ಯಾಕ? ಆಡಿಂದ್ಯಾಕ ಆಗಲಿಲ್ಲ?"

"ಆಡಿನ ಬಾಲ ಗಿಡ್ಡ, ಅತ್ತಿ."

"ಗಿಡ್ಡಿದ್ರೇನು? ಮ್ಯಾಲೆತ್ತಿ ನಡೀತೈತಿ!"

ಕುತ್ತಿಗೆಯಲ್ಲಿ ಎಲುಬು ಏಳು, ನರ ಎಂಟು ಜೋಡಿ ಎಂದ ದಿನವಂತೂ ಜಗಳವೇ ಆಯಿತು. "ಏಳ ಮಂದಿ ಕುಂತಲ್ಲಿ ಎಂಟ ತಾಟು? ನಿನ್ನ ಪುಸ್ತಕ ಛಾಪಿಸಿದಾಂವನ್ನ ಕರೀ ಇಲ್ಲೆ!" ನಾನು ಆಕೆಯನ್ನು ಬೇಲಿಯ ಹತ್ತಿರ ಕರೆದೊಯ್ದು ಏಳು ಗೂಟ ತೋರಿಸಿದೆ. ಪ್ರತಿ ಗೂಟದ ಈಚೆಯಿಂದ ಒಂದೊಂದು ಆಡು ಹೊರಬಿದ್ದರೆ ಏಳಾಯಿತು, ಕೊನೆಯ ಗೂಟದ ಆಚೆಯಿಂದ ಹೋಗುವುದು ಎಂಟನೆಯದು ಎಂದೆ. ಬಾಯಿಮಾತಿಗೆ ಒಪ್ಪುವ ಪೈಕಿಯೇ ಆಕೆ? ಆಡುಗಳನ್ನು ಒಂದೊಂದಾಗಿ ಬಿಟ್ಟು ನೋಡಿಯೇ ಬಿಟ್ಟಳು. ಎಂಟನೆಯದು ಹೊರಬೀಳುವಷ್ಟರಲ್ಲಿ ನೆರೆಮನೆಯ ಅವರೆ ಬಳ್ಳಿ ಖಾಲಿ. ನನಗೆ ಮಾತ್ರ ಕುತ್ತಿಗೆಯ ನರಗಳು ಜನ್ಮಕ್ಕಾಗುವಷ್ಟು ತಲೆಗೆ ಹತ್ತಿದವು.

ಈ ನಡುವೆ ಮಿರಜ ಕಡೆಯ ಆಡಿನ ವ್ಯಾಪಾರಿಯೊಬ್ಬ ಬಂದ. "ಮಾವಶಿ, ಆ ಕರೀದು ಕೊಡ್ರಿ. ರೇಟ ನೀವ ಹೇಳ್ರಿ."

ಒಂದು ಆಡು ಹೋದರೂ ಅದರ ನರ ನನ್ನ ತಲೆಯಿಂದ ಹೋಗುತ್ತದೆಂದು ಅತ್ತೆಯ ನಂಬಿಕೆ. "ಕೊಡಾಂಗಿಲ್ಲೋ ಯಪ್ಪಾ. ಅದು ನಮ್ಮ ಹುಡಗಿ ಮಣಿಕಟ್ಟಿಂದು."

"ಹಂಗಾರ ಈ ಮರಿ?"

"ಅದು ಕಿರಬೆರಳಿಂದು."

"ಎಮ್ಮೀನರ?"

"ಎಮ್ಮಿ ಹ್ವಾದ್ರ ಹುಡಗಿ ಕಾಲ ಪೂರಾ ಹೋದಂಗ! ಮುಂದಿನ ತಿಂಗಳ ಬಾ, ನೋಡೂಣು."

ವ್ಯಾಪಾರಿ "ಅರೆ ದೇವಾ" ಎಂದು ಎದ್ದು ಹೋದ. ಹೋದವನು ಸಂತೆಯಿಂದ ಸಂತೆಗೆ ಈ ಸುದ್ದಿ ಹೊತ್ತ. ರಾಯಬಾಗದಲ್ಲಿ ನನ್ನ ಕೈ ಬಿದ್ದುಹೋಗಿತ್ತು, ಕಾಗವಾಡದಲ್ಲಿ ಕಾಲೂ ಬಿತ್ತು, ಮಂಗಸೂಳಿ ಮುಟ್ಟುವ ಹೊತ್ತಿಗೆ ನಾನು ಹಾಸಿಗೆ ಹಿಡಿದಿದ್ದೆ. ಮನೆಯವರು ಇಡೀ ಮಂದೆಯನ್ನು ಮಲ್ಲಯ್ಯನಿಗೆ ಹರಕೆ ಹೊತ್ತಿದ್ದರು! ಹುಡುಗನ ಕಡೆಯವರು ಬೇರೆ ಹೆಣ್ಣು ನೋಡಿಕೊಂಡರು.

ಅಪ್ಪ ಕುದ್ದುಹೋದ. "ಅಕ್ಕಾ, ನಿನ್ನ ಆಡಿನ ಸಲವಾಗಿ ಇದ್ದೊಂದ ವರಾನೂ ಹೋತು! ಈಗ ನಪಾಸಾದ್ರ ಈಕೀನ ಏನ ಮಾಡ್ಲಿ?"

"ನಪಾಸಾದ್ರ ಮತ್ತ ಬರಸ್ತೀನಿ. ಆಗೂ ಆದ್ರ ಮತ್ತ ಬರಸ್ತೀನಿ. ನರಾ ಮೂವತ್ತೊಂದ ಜೋಡೀಗೆ ಮುಗದಾವ, ನನ್ನ ದೊಡ್ಡ್ಯಾಗ ಮರಿ ಇನ್ನೂ ಹುಟ್ಟಾಕತ್ತಾವ!"

ಇಂಥ ಹೆಂಗಸಿನ ಮುಂದೆ ನಪಾಸಾಗುವ ಧೈರ್ಯ ಯಾರಿಗಿದೆ? ಮೌಖಿಕ ಪರೀಕ್ಷೆಯಲ್ಲಿ ಬೆನ್ನುಹುರಿ ಎಲ್ಲಿ ಮುಗಿಯುತ್ತದೆ ಎಂದು ಕೇಳಿದರು. ಸೊಂಟದ ಒಂದನೇ, ಎರಡನೇ ಎಲುಬಿನ ಹತ್ತಿರ. ಅದಕ್ಕೇ ಬೆನ್ನಿನಿಂದ ನೀರು ತೆಗೆಯುವ ಸೂಜಿ ಇನ್ನೂ ಕೆಳಗೆ ಹೋಗಬೇಕು, ಹುರಿಗೆ ತಾಗಬಾರದು ಎಂದೆ. ಕುತ್ತಿಗೆಯ ಎಂಟನೇ ನರ ಕೇಳಿದರು. ಕಣ್ಣ ಮುಂದೆ ಗೂಟ ಬಂತು, ಹೇಳಿದೆ. ರೇಡಿಯಲ್ ಕೆಟ್ಟರೆ ಎಂದರು. ಕುಳಿತಲ್ಲೇ ಕೈ ಎತ್ತಿ ಮಣಿಕಟ್ಟು ಜೋತುಬಿಟ್ಟೆ. ಬಾಯಿಂದ ಸಣ್ಣಗೆ "ಮೇ" ಎಂದೂ ಬಂತೋ ಏನೋ, ಪರೀಕ್ಷಕಿ ಕನ್ನಡಕ ತೆಗೆದು ಒರೆಸಿಕೊಂಡರು.

ಪಾಸಾದೆ! ಅಪ್ಪ ಮಂಗಸೂಳಿಯ ಮಾತು ನುಂಗಿ ಊರೆಲ್ಲ ಪೇಢೆ ಹಂಚಿದ. ಅತ್ತೆ ಮಾತ್ರ ಪೇಢೆ ಮುಟ್ಟಲಿಲ್ಲ. "ಅವರ ಮುಂದ ಹೇಳಿದ್ದು ಹೇಳಿದಿ. ನನ್ನ ಮುಂದ ತೋರ್ಸು," ಎಂದು ಕಟ್ಟೆಯ ಮೇಲೆ ಕುಳಿತು, ನನಗೆ ಬೆನ್ನು ಮಾಡಿ ಸೆರಗು ಸರಿಸಿದಳು.

ಆ ಬೆನ್ನನ್ನು ನಾನು ಎಂದೂ ನೋಡಿರಲಿಲ್ಲ. ಹರೆಯದಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಂದಿನಿಂದ ಮೇವಿನ ಹೊರೆ ಹೊತ್ತು ಬಾಗಿದ ಬೆನ್ನು. ಪುಸ್ತಕದ ಚಿತ್ರದಂತೆ ಅದು ನೆಟ್ಟಗಿರಲಿಲ್ಲ. ಕೊರಳ ಬುಡದಲ್ಲಿ ಉಬ್ಬಿದ ಎಲುಬಿನ ಮೇಲೆ ಬೆರಳಿಟ್ಟು, ಒಂದೊಂದನ್ನೇ ಮುಟ್ಟಿ ಹೆಸರು ಹೇಳುತ್ತ ಕೆಳಗಿಳಿದೆ. ನಡುವೆ ಒಂದು ಕಡೆ ಆಕೆ ತಡೆದು ಉಸಿರೆಳೆದಳು.

"ನೋಯ್ತೇನ ಅತ್ತಿ?"

ಆಕೆ ಬೆನ್ನನ್ನು ಇನ್ನಷ್ಟು ಬಾಗಿಸಿ ಕೊಟ್ಟಳು. ನಾನು ಇನ್ನೂ ಹಗುರಾಗಿ ಇಳಿದು ಸೊಂಟ ಮುಟ್ಟಿ ಕೈ ತೆಗೆದೆ.

"ತಪ್ಪಿದಿ," ಎಂದಳು ಅತ್ತೆ, ತಿರುಗದೆ. ದನಿ ಒದ್ದೆಯಾಗಿತ್ತು. "ಮತ್ತ ಮ್ಯಾಲಿಂದ ಎಣಸು."

ನಾನು ತಪ್ಪಿರಲಿಲ್ಲ. ಮತ್ತೆ ಕೊರಳಿನಿಂದ ಶುರು ಮಾಡಿದೆ.