ಮನೆಯವರು ಮಾತ್ರ

ಮತದಾನದ ಕಾಯ್ದೆ ಹೀಗೆ ದಿನಕ್ಕೊಂದು ವೇಷ ಹಾಕಿದರೆ ಬಡಪಾಯಿ ಸಂಘಟಕರು ಏನು ಮಾಡಬೇಕು? ಅವರ ಉದ್ಧಾರಕ್ಕೆಂದೇ ಅವತರಿಸಿದವರು ನಮ್ಮ ತಿದ್ದುಪಡಿ ಸಾಹೇಬರು. ವಕೀಲರ ಬಳಿ ಗುಮಾಸ್ತರಾಗಿದ್ದು ನಿವೃತ್ತರಾದವರು. (ಅಡ್ಡಹೆಸರು ಇಟ್ಟವಳು ಹೆಂಡತಿ. ಉಪ್ಪು ಕಡಿಮೆ ಎನ್ನುವುದಕ್ಕೂ ಈ ಮನುಷ್ಯನಿಗೆ ಕಲಮು, ಉಪಕಲಮು ಬೇಕು.) ಜನರನ್ನು ಮತಗಟ್ಟೆಗೆ ಹೊರಡಿಸುವ ಬಡಾವಣೆಯ ಮಹಿಳಾ ತಂಡಕ್ಕೆ ಹೆಂಡತಿಯೇ ಮುಂದಾಳು. ಹೊಸ ನಿಯಮಗಳನ್ನು ಓದಿ, ಅರೆದು, ಸೋಸಿ, ತಂಡದವರ ಫೋನಿಗೆ ಧ್ವನಿಸಂದೇಶ ಕಳಿಸುವುದು ಗಂಡನ ಮಹಾಸೇವೆ.

ಚುನಾವಣೆ ನಾಳೆ ಎನ್ನುವಾಗ ಕಾಯ್ದೆ ಮತ್ತೆ ಬದಲಾಯಿತು. ಕಣ್ಣು ಕಾಣದ ಅಜ್ಜಿಯರನ್ನು ಈವರೆಗೆ ತಂಡದವರೇ ಕೈಹಿಡಿದು ಒಳಗೆ ಕರೆದೊಯ್ಯುತ್ತಿದ್ದರು. ಇನ್ನು ಕುಟುಂಬದವರಿಗಷ್ಟೇ ಪ್ರವೇಶ. ಸಾಹೇಬರು ಗಂಟಲು ಸರಿಮಾಡಿಕೊಂಡು ಫೋನಿಗೆ ಘೋಷಿಸಿದರು: "ಕಣ್ಣು ಕಾಣದೋರ ಜೊತೆ ಇನ್ಮೇಲೆ ಮನೆಯವರು ಮಾತ್ರ ಹೋಗಬಹುದು!"

ಮರುದಿನ ಮಧ್ಯಾಹ್ನ ದಾಟಿದರೂ ಕಣ್ಣು ಕಾಣದ ಒಬ್ಬ ಅಜ್ಜಿಯೂ ಮತಗಟ್ಟೆಯ ಕಡೆ ಸುಳಿಯಲಿಲ್ಲ. ಗಾಬರಿಯಿಂದ ಸಾಹೇಬರು ಮನೆಗೆ ಬಂದರೆ, ಕಣ್ಣಿಗೆ ಪೊರೆ ಬಂದಿದ್ದ ಅತ್ತೆ ಹೊಸ ಬಟ್ಟೆ ಹಾಕಿಕೊಂಡು ಮಂಚದ ಮೇಲೆ ಕೂತು ಅಳುತ್ತಿದ್ದರು. ಒಂದೇ ಒಂದು ಚುನಾವಣೆ ತಪ್ಪಿಸಿಕೊಂಡವರಲ್ಲ ಅವರು.

"ಯಾಕತ್ತೆ, ಹೊರಡಲಿಲ್ವಾ?"

"ಮನೆಯವರು ಮಾತ್ರ ಬರ್ಬೇಕು ಅಂತ ನೀವೇ ಹೇಳಿದ್ರಂತೆ. ನಮ್ಮನೆಯವರು ತೀರ್ಕೊಂಡು ಎಷ್ಟು ವರ್ಷ ಆಯ್ತು! ಎಲ್ಲಿಂದ ಕರ್ಕೊಂಡ್ ಬರ್ಲಿ? ಇಂಥ ಕಾಯ್ದೆ ಮಾಡಿದೋರ ಮನೆ ಹಾಳಾಗ!"

"ಅಯ್ಯೋ, ಮನೆಯವರು ಅಂದ್ರೆ ಗಂಡ ಅಲ್ಲ!"

"ಮತ್ತೆ ನನ್ನ ಮಗಳು ನಿಮ್ಮನ್ನ ಏನಂತಾಳೆ?"

ಸಾಹೇಬರಿಗೆ ಆಗ ಹೊಳೆಯಿತು. ಈ ಅಜ್ಜಿಯರೆಲ್ಲ ಗಂಡನಿಲ್ಲದವರೇ, ಹಾಗಾಗಿ ಮನೆಯಲ್ಲೇ ಉಳಿದುಬಿಟ್ಟಿದ್ದಾರೆ. ಸಂಜೆಗೆ ಮತಗಟ್ಟೆ ಬಾಗಿಲು ಹಾಕುತ್ತದೆ. ಬೆಳಗ್ಗೆಯಿಂದ ಪಕ್ಕದ ಬೀದಿಗಳನ್ನು ಸುತ್ತುತ್ತಿದ್ದ ಹೆಂಡತಿ ಅಷ್ಟರಲ್ಲಿ ಒಳನುಗ್ಗಿದಳು.

"ಏನ್ರೀ ಇದು ನಿಮ್ಮ ಘನಕಾರ್ಯ?"

"ನಿಮ್ಮ ತಂಡದೋರಿಗೆ ಕನ್ನಡ ಬರಲ್ವಾ?"

"ಬರೋದಕ್ಕೇ ಹೀಗಾಗಿದ್ದು!"

ವಾದ ಸೋತ ಸಾಹೇಬರು, "ಮಗ, ಮಗಳು, ಸೊಸೆ, ಅಳಿಯ ಯಾರಾದ್ರೂ ಸರಿ!" ಎಂದು ಹೊಸ ಸಂದೇಶ ಕಳಿಸಿ, ತಾವೇ ಬೀದಿಗಿಳಿದು ಬಾಗಿಲು ಬಾಗಿಲು ಬಡಿದರು. ಅಜ್ಜಿಯರು ಒಬ್ಬೊಬ್ಬರಾಗಿ ಮಕ್ಕಳ ತೋಳು ಹಿಡಿದು ಹೊರಟರು. ಎಲ್ಲರ ಹಿಂದೆ, ಬೆವರು ಸುರಿಸುತ್ತ, ಅತ್ತೆಯ ಕೈಹಿಡಿದು ಸಾಹೇಬರು ಮತಗಟ್ಟೆಯ ಬಾಗಿಲಿಗೆ ಬಂದರು.

ಅಧಿಕಾರಿ ಕೇಳಿದ, "ಅಮ್ಮಾ, ಇವರು ನಿಮ್ಮ ಮನೆಯವರಾ?"

ಅತ್ತೆ ಕೈ ಕೊಡವಿಕೊಂಡರು. "ಥೂ, ಬಿಡ್ತು ಅನ್ನಪ್ಪಾ! ಇವರ್ಯಾಕೆ ನಮ್ಮನೆಯವರಾಗ್ತಾರೆ!"

"ಅವರೇ ಅಲ್ಲ ಅಂತಿದಾರೆ. ನೀವು ಆಚೆ ನಡೀರಿ."

ಸಾಹೇಬರು ಕಲಮು ಹೇಳಹೊರಟರು, ಯಾರೂ ಕೇಳಿಸಿಕೊಳ್ಳಲಿಲ್ಲ. ಹೆಂಡತಿ ಓಡಿಬಂದು ತಾಯಿಯನ್ನು ಒಳಗೆ ಕರೆದೊಯ್ದಳು. ಸಾಹೇಬರು ಕಾಂಪೌಂಡಿನಾಚೆ ಕತ್ತು ಚಾಚಿ ನಿಂತರು. ಅತ್ತೆ ನಗುತ್ತ ಹೊರಬಂದಾಗಲೇ ಹೋದ ಜೀವ ಬಂದಂತಾದದ್ದು. ಅಜ್ಜಿಯರೆಲ್ಲರ ಮತವೂ ಬಿದ್ದಿತ್ತು.

ಮನೆಯ ದಾರಿಯಲ್ಲಿ ಹೆಂಡತಿ ಆಜ್ಞೆ ಹೊರಡಿಸಿದಳು. "ಇನ್ಮೇಲೆ ನಿಮ್ಮ ಸಂದೇಶ ಮೊದಲು ಅಮ್ಮ ಕೇಳ್ಬೇಕು. ಅವರಿಗೆ ಅರ್ಥ ಆದ್ರೇನೇ ತಂಡಕ್ಕೆ."

"ಆಗಲಿ ಮಾರಾಯ್ತಿ," ಎಂದರು ಸಾಹೇಬರು ಹಗುರಾಗಿ. "ಇವತ್ತಿಂದ ಅತ್ತೇನೇ ನಮ್ಮ ಮೇಲ್ಮನೆ."

ಅತ್ತೆ ಗಕ್ಕನೆ ನಿಂತರು. "ಮೇಲ್ಮನೆನಾ? ನನಗೆ ಮೆಟ್ಟಿಲು ಹತ್ತೋಕಾಗಲ್ಲಪ್ಪಾ. ನಾನು ಕೆಳಗೇ ಆರಾಮಾಗಿದೀನಿ. ಬೇಕಾದ್ರೆ ನೀವೇ ಮೇಲೆ ಹೋಗಿ!"